ಏನೂ ಕಾಣದ ಗಂಟೆಗಳ ಲೆಕ್ಕ

ತಿಮಿಂಗಿಲ ನೋಡುವುದೇ ನನ್ನ ನೌಕರಿ ಎಂದು ನಮ್ಮ ಬೀದಿಯವರೆಲ್ಲ ತಿಳಿದಿದ್ದಾರೆ. ಚಂದಾಪುರ ಸರ್ಕಲ್ಲಿನಿಂದ ಆನೇಕಲ್ ಕಡೆಗೆ ತಿರುಗಿದರೆ ಸಿಗುವ ಬಡಾವಣೆಯಲ್ಲಿ ನಮ್ಮ ಮನೆ. ನಮ್ಮ ಮನೆಯವರು ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಚಳಿಗಾಲ ಬಂತೆಂದರೆ ನಾನು ಬೈನಾಕ್ಯುಲರ್ ಕಟ್ಟಿಕೊಂಡು ಕೊಚ್ಚಿಯ ರೈಲು ಹತ್ತುತ್ತೇನೆ. ಸಂಶೋಧನಾ ಹಡಗುಗಳಲ್ಲಿ ತಿಮಿಂಗಿಲ, ಡಾಲ್ಫಿನ್, ಕಡಲಹಕ್ಕಿಗಳನ್ನು ಎಣಿಸುವ ಗುತ್ತಿಗೆ ಕೆಲಸ. ವಾಪಸು ಬಂದಾಗ ಕೆಳಗಿನ ಮನೆಯ ಅಕ್ಕ ತಪ್ಪದೆ ಕೇಳುತ್ತಾರೆ: “ಈ ಸಲ ಎಷ್ಟು ತಿಮಿಂಗಿಲ ಸಿಕ್ತಮ್ಮಾ?” ಕಂಡದ್ದು ಬಹಳ ಕಮ್ಮಿ ಎಂದರೆ ಅವರಿಗೆ ಪಾಪ ಅನಿಸುತ್ತದೆ. “ಮತ್ತೆ ಅಷ್ಟು ದಿನ ನೀರಿನ ಮೇಲೆ ಏನ್ ಮಾಡ್ತಿದ್ರಿ?”

ಕಾಣಲಿಲ್ಲ ಎಂದು ಬರೆಯುತ್ತಿದ್ದೆ. ನನ್ನ ಸಂಬಳದ ದೊಡ್ಡ ಪಾಲು ಬರುವುದೇ ಅದಕ್ಕೆ.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ‘ಸಾಗರ್ ಸಂಪದಾ’ ಎಂಬ ಹಡಗಿನಲ್ಲಿ. 71.5 ಮೀಟರ್ ಉದ್ದದ, ಡೆನ್ಮಾರ್ಕಿನಲ್ಲಿ ಕಟ್ಟಿಸಿದ ಈ ಹಡಗು 1984ರಿಂದ ನಮ್ಮ ಕಡಲುಗಳಲ್ಲಿ ಓಡಾಡುತ್ತಿದೆ. 2003ರ ಅಕ್ಟೋಬರಿನಿಂದ 2007ರ ಫೆಬ್ರವರಿವರೆಗೆ ಇದರ 35 ಯಾನಗಳಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವೀಕ್ಷಕರು ಕಣ್ಣಿಟ್ಟು ಕಾದರು. ಒಟ್ಟು 5,254 ಗಂಟೆ ಕಾದದ್ದಕ್ಕೆ 473 ಸಲ ಏನಾದರೂ ಕಂಡಿತು. ಎಲ್ಲ ಸೇರಿ 5,865 ಪ್ರಾಣಿಗಳು. ಭಾಗಿಸಿ ನೋಡಿ. ಹನ್ನೊಂದು ಗಂಟೆ ನಿಂತರೆ ಒಂದು ಸಲ. ಅಂದರೆ ಬೆಳಗಿನಿಂದ ಸಂಜೆಯವರೆಗೆ ಕಾದವರಿಗೆ ಒಂದು ದರ್ಶನ, ಅದೂ ಅದೃಷ್ಟ ಚೆನ್ನಾಗಿದ್ದರೆ.

ಕಾದ ಗಂಟೆ, ಕಂಡ ಸಲ, ಈ ಎರಡು ಅಂಕಿಗಳಲ್ಲಿ ಯಾವುದು ಮುಖ್ಯ ಎಂದರೆ ಎಲ್ಲರೂ 473 ಅನ್ನುತ್ತಾರೆ. ನನ್ನ ಪ್ರಕಾರ 5,254. ನಾಳೆ ಇನ್ನೊಂದು ತಂಡ ಹೋಗಿ 300 ಸಲ ಕಂಡೆವು ಎಂದು ಬಂದರೆ, ತಿಮಿಂಗಿಲ ಕಮ್ಮಿಯಾದವೋ ಹೆಚ್ಚಾದವೋ? ಅವರು ಎಷ್ಟು ಹೊತ್ತು ನೋಡಿದರು ಎಂಬುದು ಗೊತ್ತಾಗದೆ ಯಾರೂ ಉತ್ತರ ಹೇಳಲಾರರು. ಕಂಡದ್ದನ್ನು ಯಾರಾದರೂ ಬರೆಯುತ್ತಾರೆ, ಫೋಟೋ ಹಾಕುತ್ತಾರೆ. ಕಾಣದ ಹೊತ್ತನ್ನು ಬರೆದಿಡಲು ಸಂಬಳ ಕೊಟ್ಟೇ ಜನ ಇಡಬೇಕು.

ಈ ಕೆಲಸಕ್ಕೆ ಚಳಿಗಾಲವೇ ಏಕೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಆರ್ಭಟ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಲೆಯ ನೆತ್ತಿ ಒಡೆದು ಬಿಳಿ ನೊರೆ ಏಳುತ್ತಿದ್ದರೆ ಡಾಲ್ಫಿನ್ನಿನ ಬೆನ್ನಿನ ರೆಕ್ಕೆ ಅದರಲ್ಲಿ ಕಳೆದೇ ಹೋಗುತ್ತದೆ. ಕಡಲಿನ ಸ್ಥಿತಿಗೆ ಬೋಫೋರ್ಟ್ ಎಂಬ ಅಳತೆ ಇದೆ, ಸೊನ್ನೆಯಿಂದ ಹನ್ನೆರಡರವರೆಗೆ. ಮೂರಕ್ಕೆ ಅಲ್ಲೊಂದು ಇಲ್ಲೊಂದು ನೊರೆ ಕಾಣುತ್ತದೆ, ನಾಲ್ಕಕ್ಕೆ ಎಲ್ಲೆಲ್ಲೂ ನೊರೆ. ಐದಾದರೆ ನಾವು ಪುಸ್ತಕ ಮುಚ್ಚುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಗಾಳಿ ಈಶಾನ್ಯದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಘಟ್ಟ ಅಡ್ಡ ನಿಂತಿದೆ. ಬೆಳಗಿನ ಜಾವ ನೀರು ಅಲುಗದೆ ಮಲಗಿರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಕೆಡಿಸುತ್ತದೆ. ಆದ್ದರಿಂದ ನಮ್ಮ ಒಳ್ಳೆಯ ಗಂಟೆಗಳೆಲ್ಲ ಊಟಕ್ಕೆ ಮೊದಲಿನವು.

ಇನ್ನೊಂದು ಕಾರಣ ನೀರಿನೊಳಗಿದೆ. ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲದ ಒಣಗಾಳಿ ಮೇಲಿನ ನೀರನ್ನು ಆವಿ ಮಾಡಿ ತಣಿಸುತ್ತದೆ. ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ. ಹೀಗೆ ನೀರು ಕಲಕಿದಾಗ ಆಳದ ಪೋಷಕಾಂಶಗಳು ಬೆಳಕಿಗೆ ಬಂದು, ಕಣ್ಣಿಗೆ ಕಾಣದ ಸಸ್ಯ ಪ್ಲವಕಗಳು ಬೆಳೆದು ಕಡಲು ಹಸಿರಾಗುತ್ತದೆ. ಅದನ್ನು ತಿನ್ನಲು ಸಣ್ಣ ಜೀವಿಗಳು, ಅವುಗಳ ಹಿಂದೆ ಮೀನು, ಮೀನಿನ ಹಿಂದೆ ಉಳಿದವರು. ಆ ಹಸಿರನ್ನು ಆಕಾಶದಿಂದ ಅಳೆಯುವುದು ನಮ್ಮ ಇಸ್ರೋದ ಓಷನ್‌ಸ್ಯಾಟ್ ಉಪಗ್ರಹಗಳು. ಮೂರನೆಯದು 2022ರ ನವೆಂಬರಿನಲ್ಲಿ ಹಾರಿತು. ಕಡಲಿಲ್ಲದ ಬೆಂಗಳೂರಿಗೆ ಕಡಲಿನ ಜೊತೆ ಇಂಥ ನಂಟೂ ಇದೆ.

ಈಗ ಎಣಿಸುವ ಬಗೆ. ಸಿಲ್ಕ್ ಬೋರ್ಡಿನಿಂದ ಚಂದಾಪುರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊಸೂರು ರಸ್ತೆಯ ಬೀದಿನಾಯಿಗಳನ್ನು ಎಣಿಸುತ್ತೀರಿ ಅಂದುಕೊಳ್ಳಿ. ರಸ್ತೆ ಬದಿಯಲ್ಲೇ ಇರುವ ನಾಯಿಗಳೆಲ್ಲ ಕಾಣುತ್ತವೆ. ಐವತ್ತು ಅಡಿ ಆಚೆಯವು ಕೆಲವು ತಪ್ಪಿ ಹೋಗುತ್ತವೆ. ನೂರು ಅಡಿ ಆಚೆ ಬಹುಪಾಲು ತಪ್ಪುತ್ತವೆ. ಕಂಡ ಪ್ರತಿ ನಾಯಿಯೂ ರಸ್ತೆಯಿಂದ ಎಷ್ಟು ದೂರವಿತ್ತು ಎಂದು ಬರೆದುಕೊಂಡರೆ, ದೂರ ಹೋದಂತೆ ಕಣ್ಣು ಎಷ್ಟು ಸೋಲುತ್ತದೆ ಎಂಬುದು ಗೊತ್ತಾಗುತ್ತದೆ. ಅದರಿಂದ ಕಾಣದೆ ಉಳಿದವುಗಳ ಅಂದಾಜು ಬರುತ್ತದೆ. ಕಾರಿನ ಅಡಿಯಲ್ಲಿ ಮಲಗಿರುವ ನಾಯಿ ಮಾತ್ರ ಎಷ್ಟೇ ಹತ್ತಿರವಿದ್ದರೂ ಕಾಣುವುದಿಲ್ಲ. ಅದಕ್ಕೆ ಬೇರೆ ಲೆಕ್ಕ ಬೇಕು. ಕಡಲಿನಲ್ಲಿ ಕಾರಿನ ಅಡಿಯ ನಾಯಿಗಳೇ ಹೆಚ್ಚು. ಸ್ಪರ್ಮ್ ತಿಮಿಂಗಿಲ ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಮೇಲೆ ಬರುವುದಿಲ್ಲ. ಅಷ್ಟರಲ್ಲಿ ಹತ್ತು ನಾಟ್ ವೇಗದ ಹಡಗು ಹದಿನಾಲ್ಕು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ದೂರ ಅಳೆಯಲು ನೀರಿನ ಮೇಲೆ ಟೇಪು ಹಿಡಿಯಲಾಗುವುದಿಲ್ಲವಲ್ಲ. ನಮ್ಮ ಬೈನಾಕ್ಯುಲರ್ ಏಳು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಅದರ ಗಾಜಿನ ಮೇಲೆ ಸ್ಕೇಲಿನಲ್ಲಿರುವಂತೆ ಸಣ್ಣ ಗೆರೆಗಳಿರುತ್ತವೆ. ಮೇಲಿನ ಗೆರೆಯನ್ನು ದಿಗಂತಕ್ಕೆ ಕೂಡಿಸಬೇಕು. ಪ್ರಾಣಿ ಅದಕ್ಕಿಂತ ಎಷ್ಟು ಗೆರೆ ಕೆಳಗೆ ಕಾಣುತ್ತದೆ ಎಂದು ಎಣಿಸಬೇಕು. ನನ್ನ ಕಣ್ಣು ನೀರಿನಿಂದ ಹನ್ನೆರಡು ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು ಹನ್ನೆರಡು ಕಿಲೋಮೀಟರ್ ದೂರ. ಎತ್ತರ ಗೊತ್ತು, ಗೆರೆ ಗೊತ್ತು. ದೂರ ತಾನಾಗಿ ಸಿಗುತ್ತದೆ. ಹಡಗಿನ ಮೂತಿಯಿಂದ ಎಷ್ಟು ಡಿಗ್ರಿ ಪಕ್ಕಕ್ಕೆ ಕಂಡಿತು ಎಂಬುದನ್ನು ರೇಲಿಂಗಿಗೆ ಬಿಗಿದ ಕೋನದ ಹಲಗೆ ಹೇಳುತ್ತದೆ. ಶಾಲೆಯಲ್ಲಿ ಯಾಕಾದರೂ ಕಲಿಸುತ್ತಾರೋ ಎಂದು ಶಪಿಸಿದ ತ್ರಿಕೋನಮಿತಿ ಇದೇ.

ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ಒಬ್ಬರು ಬರೆಯಲು. ಅರ್ಧ ಗಂಟೆಗೊಮ್ಮೆ ಜಾಗ ಬದಲು, ಇಲ್ಲದಿದ್ದರೆ ಕಣ್ಣು ಸುಳ್ಳು ಹೇಳಲು ಶುರುಮಾಡುತ್ತದೆ. ನನ್ನ ಪುಸ್ತಕದ ಸಾಮಾನ್ಯ ಸಾಲು ಹೀಗಿರುತ್ತದೆ: “07:30. ಬೋಫೋರ್ಟ್ 2. ಬಿಸಿಲ ಪ್ರತಿಫಲನ ಎಡಕ್ಕೆ, 20 ಡಿಗ್ರಿ. ಮೋಡ ಕಾಲು ಭಾಗ. ಏನೂ ಇಲ್ಲ.” ಅದರ ಕೆಳಗೆ 08:00, ಅದೇ. ಅದರ ಕೆಳಗೆ 08:30, ಅದೇ, ಬೋಫೋರ್ಟ್ ಮಾತ್ರ 3. ಇಂಥ ಪುಟಗಳನ್ನು ಗೌರವಿಸಲು ಕಲಿಯದವರು ಒಂದೇ ಯಾನಕ್ಕೆ ಬಿಟ್ಟು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಬೇಸರಕ್ಕೆ ಕ್ಯಾಬಿನ್ನಿನಲ್ಲಿ ಮಲಗಿ, ಆ ಗಂಟೆಯನ್ನೂ ‘ನೋಡಿದ್ದು’ ಎಂದು ಬರೆಯುವವರ ಮೇಲೆ. ಒಂದು ಸುಳ್ಳು ಸೊನ್ನೆ ಮಾಡುವ ಹಾಳನ್ನು ಹತ್ತು ಸುಳ್ಳು ತಿಮಿಂಗಿಲಗಳೂ ಮಾಡಲಾರವು. ಸುಳ್ಳು ತಿಮಿಂಗಿಲವನ್ನು ಯಾರಾದರೂ ಅನುಮಾನಿಸುತ್ತಾರೆ, ಸೊನ್ನೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಇಷ್ಟಾಗಿ ಹಡಗು ನಮ್ಮದಲ್ಲ. ಅದು ಹೊರಡುವುದು ನೀರಿನ ಉಷ್ಣತೆ, ಉಪ್ಪಿನಂಶ, ಆಮ್ಲಜನಕ ಅಳೆಯುವವರಿಗಾಗಿ. ಅವರು ಹೇಳಿದಲ್ಲಿ ನಿಲ್ಲುತ್ತದೆ. ವಿಂಚಿನಲ್ಲಿ ಸೀಸೆಗಳ ಗೊಂಚಲನ್ನು ಸಾವಿರ ಮೀಟರ್ ಕೆಳಗಿಳಿಸಿ ಎತ್ತುವವರೆಗೆ ಅಲ್ಲೇ ತೇಲುತ್ತದೆ. ಎದುರಿಗೆ ತಿಮಿಂಗಿಲ ಕಂಡಿತೆಂದು ಹಡಗು ತಿರುಗಿಸಿ ಎನ್ನುವ ಅಧಿಕಾರ ನಮಗಿಲ್ಲ. ದಾರಿಯಲ್ಲಿ ಹೋಗುವವರ ಗಾಡಿಯ ಮೇಲೆ ಹತ್ತಿ ಕೂತವರು ನಾವು, ದಾರಿ ಅವರದು.

ಕಂಡಾಗ ಏನು ಕಾಣುತ್ತದೆ? ಪುಸ್ತಕದಲ್ಲಿರುವಂತೆ ಇಡೀ ತಿಮಿಂಗಿಲ ಎಂದೂ ಅಲ್ಲ. ಮೊದಲು ಕಾಣುವುದು ಉಸಿರು. ನೀಲಿ ತಿಮಿಂಗಿಲದ್ದು ನೆಟ್ಟಗೆ, ಒಂಬತ್ತು ಮೀಟರ್‌ವರೆಗೂ ಏರುವ ಕಂಬ. ಸ್ಪರ್ಮ್ ತಿಮಿಂಗಿಲಕ್ಕೆ ಉಸಿರಿನ ತೂತು ತಲೆಯ ತುದಿಯಲ್ಲಿ, ಎಡಕ್ಕೆ ಮಾತ್ರ; ಹಾಗಾಗಿ ಅದರ ಉಸಿರು ಮುಂದಕ್ಕೆ, ಎಡಕ್ಕೆ ವಾಲಿ ಚಿಮ್ಮುತ್ತದೆ. ಎರಡು ಕಿಲೋಮೀಟರ್ ದೂರದಿಂದಲೂ ಹೆಸರು ಹೇಳಬಹುದು. ನಮ್ಮ ಕರಾವಳಿಗೆ ಹತ್ತಿರ ಬರುವ ದೊಡ್ಡದೆಂದರೆ ಬ್ರೈಡ್ಸ್ ತಿಮಿಂಗಿಲ. ತಲೆಯ ಮೇಲೆ ಉದ್ದಕ್ಕೆ ಮೂರು ಏಣು ಇದ್ದರೆ ಅದೇ. ಮುಳುಗುವಾಗ ಬಾಲ ಎತ್ತಿ ತೋರಿಸುವ ಔದಾರ್ಯ ಅದಕ್ಕಿಲ್ಲ, ಫೋಟೋಗ್ರಾಫರುಗಳಿಗೆ ಅದನ್ನು ಕಂಡರೆ ಆಗುವುದಿಲ್ಲ. ಆಳ ಕಡಲಿನಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳು ನೂರರ ಲೆಕ್ಕದಲ್ಲಿ ಬಂದು ಗಾಳಿಯಲ್ಲಿ ಗಿರಗಿರನೆ ತಿರುಗಿ ಬೀಳುತ್ತವೆ. ಆಗ ಎಣಿಸುವುದು ಹೇಗೆ? ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ನನ್ನ ಅಂದಾಜು ಇಷ್ಟು ಎಂದು ಮೂವರೂ ಬೇರೆ ಬೇರೆ ಬರೆಯುತ್ತೇವೆ. ಒಬ್ಬರ ಹಾಳೆಯನ್ನು ಇನ್ನೊಬ್ಬರು ಇಣುಕಿ ನೋಡುವಂತಿಲ್ಲ.

ನಿಜ ಹೇಳಬೇಕೆಂದರೆ ನನಗೆ ತಿಮಿಂಗಿಲಕ್ಕಿಂತ ಹಕ್ಕಿಗಳೇ ಹೆಚ್ಚು ಇಷ್ಟ. ನಾನು ಹುಟ್ಟಿದ್ದು ಗಂಗೊಳ್ಳಿಯಲ್ಲಿ. ನಮ್ಮ ಮಾವ ಬೋಟಿನ ತಂಡೇಲರಾಗಿದ್ದರು, ಅಂದರೆ ಬೋಟು ನಡೆಸುವವರು. “ಹಕ್ಕಿ ಎಲ್ಲಿತ್ತೋ ಮೀನ್ ಅಲ್ಲಿತ್ತ್” ಎನ್ನುವುದು ಅವರ ಇಡೀ ಶಾಸ್ತ್ರ. ಹಡಗಿನಲ್ಲಿ ಹಕ್ಕಿಗಳ ಲೆಕ್ಕ ಬೇರೆ. ಒಂದು ಪಕ್ಕದ ಮುನ್ನೂರು ಮೀಟರ್ ಪಟ್ಟಿಯೊಳಗಿನವನ್ನು ಮಾತ್ರ ಎಣಿಸಬೇಕು. ಹಾರುವ ಹಕ್ಕಿಗಳು ಹಡಗಿಗಿಂತ ವೇಗವಾಗಿ ಬಂದು ಹೋಗುವುದರಿಂದ ಬಂದವನ್ನೆಲ್ಲ ಕೂಡಿಸಿದರೆ ಸಂಖ್ಯೆ ಸುಮ್ಮನೆ ಉಬ್ಬುತ್ತದೆ; ಅದಕ್ಕೆ ನಿಗದಿತ ಸಮಯಕ್ಕೊಮ್ಮೆ ಫೋಟೋ ತೆಗೆದಂತೆ ಆ ಕ್ಷಣ ಪಟ್ಟಿಯಲ್ಲಿದ್ದವನ್ನಷ್ಟೇ ಬರೆಯುತ್ತೇವೆ. ಚಳಿಗಾಲದಲ್ಲಿ ಟರ್ನ್‌ಗಳು, ಅವುಗಳ ಬಾಯಿಯ ಮೀನನ್ನು ಅಟ್ಟಾಡಿಸಿ ಕಿತ್ತುಕೊಳ್ಳುವ ಸ್ಕುವಾಗಳು, ಬಂದರು ಹತ್ತಿರವಾದಂತೆ ಕಡಲಕಾಗೆಗಳು.

ಇವುಗಳ ನಡುವೆ ಒಂದು ಪುಟ್ಟ ಹಕ್ಕಿ, ಕೆಂಪು ಕುತ್ತಿಗೆಯ ಫಾಲರೋಪ್. ಚಳಿಗಾಲದಲ್ಲಿ ಆ ಕೆಂಪು ಇರುವುದಿಲ್ಲ. ಬೂದು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಹಿಂದೆ ಕಾಡಿಗೆ ಹರಡಿದ ಹಾಗೆ ಒಂದು ಕಪ್ಪು ಪಟ್ಟೆ. ತೂಕ ಮೂವತ್ತೈದು ಗ್ರಾಂ ಆಸುಪಾಸು. ನೆಲ ಕಾಣದಷ್ಟು ದೂರದಲ್ಲಿ, ಎರಡು ಸಾವಿರ ಮೀಟರ್ ಆಳದ ನೀರಿನ ಮೇಲೆ ಬೆಂಡಿನ ಹಾಗೆ ತೇಲುತ್ತಾ ಸುಮ್ಮನೆ ಗಿರಕಿ ಹೊಡೆಯುತ್ತಿರುತ್ತದೆ. ಸುಮಾರು ಸೆಕೆಂಡಿಗೆ ಒಂದು ಸುತ್ತು. ಹಾಗೆ ತಿರುಗಿದಾಗ ಮೇಲಿನ ನೀರು ಪಕ್ಕಕ್ಕೆ ಸರಿದು ಕೆಳಗಿನ ನೀರು ಸುಳಿಯಾಗಿ ಮೇಲೇರುತ್ತದೆ, ಅದರ ಜೊತೆ ಪ್ಲವಕವೂ. ಸೂಜಿಯಂಥ ಕೊಕ್ಕನ್ನು ಅದ್ದಿ, ತೆಗೆದು, ಅದ್ದಿ, ತೆಗೆದು. ಹೀರುವುದೂ ಇಲ್ಲ, ಕೊಕ್ಕನ್ನು ತುಸು ತೆರೆದರೆ ನೀರಿನ ಹನಿ ತಾನೇ ತುದಿಯಿಂದ ಬಾಯಿಗೆ ಸರಿಯುತ್ತದೆ, ಹನಿಯೊಳಗೆ ಊಟ. ಬೇಸಿಗೆಯಲ್ಲಿ ಇವು ಉತ್ತರ ಧ್ರುವದ ಸುತ್ತಲಿನ ಬಯಲಿನಲ್ಲಿ ಮರಿ ಮಾಡುತ್ತವೆ. ಬಣ್ಣ ಹೆಚ್ಚು ಹೆಣ್ಣಿಗೆ, ಮೊಟ್ಟೆಗೆ ಕಾವು ಕೊಡುವ ಕೆಲಸ ಗಂಡಿಗೆ. ಸ್ಕ್ಯಾಂಡಿನೇವಿಯಾದಲ್ಲಿ ಸಣ್ಣ ಯಂತ್ರ ಕಟ್ಟಿ ಬಿಟ್ಟ ಹಕ್ಕಿಗಳು ಚಳಿಗಾಲ ಕಳೆಯಲು ಅರಬ್ಬಿ ಸಮುದ್ರಕ್ಕೇ ಬಂದದ್ದು ದಾಖಲಾಗಿದೆ.

ಸೊನ್ನೆಯ ಬೆಲೆ ಗೊತ್ತಾಗಬೇಕಾದರೆ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲದ ಕಥೆ ಕೇಳಬೇಕು. ಜಗತ್ತಿನ ಉಳಿದ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆ ತಿಂದು, ಬಿಸಿ ನೀರಿಗೆ ಬಂದು ಮರಿ ಹಾಕಿ, ವರ್ಷಕ್ಕೊಮ್ಮೆ ಸಾವಿರಾರು ಕಿಲೋಮೀಟರ್ ತಿರುಗುತ್ತವೆ. ಅರಬ್ಬಿ ಸಮುದ್ರದವು ಎಲ್ಲಿಗೂ ಹೋಗದೆ ಇಲ್ಲೇ ಉಂಡು ಇಲ್ಲೇ ಹೆರುತ್ತವೆ. ಇದು ಖಚಿತವಾದದ್ದು ಒಂದು ಕೊಲೆಯ ಲೆಕ್ಕದಿಂದ. 1960ರ ದಶಕದಲ್ಲಿ ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ, ಗುಜರಾತಿನ ಆಚೆಯ ಕಡಲಿನಲ್ಲಿ ಕದ್ದು 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗಕ್ಕೆ ಸುಳ್ಳು ಲೆಕ್ಕ ಕೊಟ್ಟು, ನಿಜವಾದ ಪುಸ್ತಕಗಳನ್ನು ಬಚ್ಚಿಟ್ಟರು. ಸೋವಿಯತ್ ಒಕ್ಕೂಟ ಮುರಿದ ಮೇಲೆ 1990ರ ದಶಕದಲ್ಲಿ ಅವು ಹೊರಬಂದವು. ಕೊಂದ ಹೆಣ್ಣುಗಳ ಗರ್ಭದಲ್ಲಿದ್ದ ಮರಿಗಳ ಅಳತೆಯಿಂದ, ಇವು ದಕ್ಷಿಣ ಧ್ರುವದ ಕಡೆಯಿಂದ ಬಂದವಲ್ಲ, ಇಲ್ಲಿಯವೇ ಎಂದು ತಿಳಿಯಿತು. ಈಗ ಒಮಾನ್ ಕರಾವಳಿಯಲ್ಲಿ ನೂರಕ್ಕಿಂತ ಕಮ್ಮಿ ಉಳಿದಿವೆ ಎಂಬ ಅಂದಾಜಿದೆ.

2017ರ ನವೆಂಬರಿನಲ್ಲಿ ಅಲ್ಲಿ ಒಂದು ಹೆಣ್ಣಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ ಅಂಟಿಸಿದರು. ಹೆಸರು ಲುಬಾನ್. ಅದು ನೇರ ಅರಬ್ಬಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ದಕ್ಷಿಣಕ್ಕೆ ಇಳಿದು, ಕನ್ಯಾಕುಮಾರಿಯ ಕಡೆ ಹೋಗಿ, ಮುಂದಿನ ವರ್ಷದ ಆರಂಭದಲ್ಲಿ ಒಮಾನಿಗೆ ಮರಳಿತು. ಆ ಚಳಿಗಾಲದಲ್ಲಿ ಕರ್ನಾಟಕದ ಎದುರಿನ ನೀರನ್ನು ಹಾದುಹೋದ ಆ ದೈತ್ಯ ಪ್ರಾಣಿ ಬೆನ್ನಿನಲ್ಲಿ ಯಂತ್ರವಿಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾದರೆ ನಮ್ಮ ಹಡಗಿನ ಪುಸ್ತಕದಲ್ಲಿ ಹಂಪ್‌ಬ್ಯಾಕ್ ಇಲ್ಲ ಎಂದಿರುವ ನೂರಾರು ಗಂಟೆಗಳ ಅರ್ಥವೇನು? ಪ್ರಾಣಿ ಇಲ್ಲ ಎಂದಲ್ಲ. ಇದ್ದರೆ ಹೆಚ್ಚೆಂದರೆ ಇಷ್ಟಿರಬಹುದು ಎಂದು. ಅಪರೂಪದ ಪ್ರಾಣಿಗೆ ಇಷ್ಟು ಹೇಳಲು ಸಾಧ್ಯವಾಗುವುದೂ ದೊಡ್ಡ ಮಾತೇ.

ಇದಕ್ಕೆಲ್ಲ ಸರ್ಕಾರ ದುಡ್ಡು ಹಾಕುವುದು ಪ್ರಾಣಿಪ್ರೀತಿಯಿಂದ ಮಾತ್ರ ಎಂದುಕೊಳ್ಳಬೇಡಿ. ತನಗೆ ಸಮುದ್ರಾಹಾರ ಮಾರುವ ದೇಶಗಳು ಮೀನುಗಾರಿಕೆಯಲ್ಲಿ ಡಾಲ್ಫಿನ್, ತಿಮಿಂಗಿಲ ಎಷ್ಟು ಸಾಯುತ್ತವೆ, ಅದನ್ನು ತಡೆಯಲು ತಾವು ಏನು ಮಾಡಿದ್ದೇವೆ ಎಂದು ತೋರಿಸಬೇಕೆಂದು ಅಮೆರಿಕ 2016ರಲ್ಲಿ ನಿಯಮ ತಂದಿತು. ಎಷ್ಟು ಸಾಯುತ್ತವೆ ಎಂಬುದು ಸಾಲದು. ಎಷ್ಟಿವೆ ಎಂಬುದೂ ಗೊತ್ತಿರಬೇಕು. ಸಿಎಂಎಫ್‌ಆರ್‌ಐ ಮತ್ತು ಫಿಶರಿ ಸರ್ವೆ ಆಫ್ ಇಂಡಿಯಾ ಸೇರಿ ತಿಮಿಂಗಿಲ, ಡಾಲ್ಫಿನ್ ಎಣಿಸಲು ಹಡಗು ಹೊರಡಿಸಿದ್ದಕ್ಕೆ ಇದೂ ಒಂದು ಕಾರಣ. ವ್ಯಾಪಾರದ ಭಯಕ್ಕೆ ವಿಜ್ಞಾನ ನಡೆದರೆ ನನ್ನದೇನೂ ತಕರಾರಿಲ್ಲ.

ಬೆಂಗಳೂರಿನಲ್ಲಿ ತಿಮಿಂಗಿಲ ಸುದ್ದಿಯಾಗುವುದು ಬೇರೆ ಕಾರಣಕ್ಕೆ. 2021ರಲ್ಲಿ ನಗರದ ಪೊಲೀಸರು ಅಂಬರ್‌ಗ್ರಿಸ್ ಮಾರಲು ಹೊರಟವರನ್ನು ಒಂದಕ್ಕಿಂತ ಹೆಚ್ಚು ಸಲ ಹಿಡಿದರು. ಪತ್ರಿಕೆಗಳು ‘ತಿಮಿಂಗಿಲ ವಾಂತಿ’ ಎಂದು ಬರೆದು ಕೋಟಿಗಳ ಬೆಲೆ ಕಟ್ಟಿದವು. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಕಟ್ಟುವ ಗಟ್ಟಿ ವಸ್ತು. 1972ರ ವನ್ಯಜೀವಿ ಕಾಯ್ದೆಯಡಿ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಚಂದಾಪುರದಲ್ಲೇ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಹಡಗಲ್ಲಿ ಹೋಗ್ತೀರಲ್ಲ ಮೇಡಂ, ಒಂದು ತುಂಡು ಸಿಗಲ್ವಾ?” ಎಂದು ಕೇಳಿದ್ದಾರೆ.

ಇಷ್ಟೆಲ್ಲ ಹೊಗಳಿದ ಹಡಗಿನ ಲೆಕ್ಕಕ್ಕೂ ಒಂದು ದೊಡ್ಡ ತೂತಿದೆ. ಹಡಗು ದಡದ ಹತ್ತಿರ ಬರಲಾರದು. ಕರ್ನಾಟಕದ ಕರಾವಳಿಯ ಅತಿ ಸಂಕಟದ ಡಾಲ್ಫಿನ್ ಎಂದರೆ ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನಿನ ಮೇಲೆ ಗೂನು, ಅದರ ಮೇಲೆ ಪುಟ್ಟ ರೆಕ್ಕೆ. ಅದು ಅಳಿವಿನಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಪಟ್ಟಿ ಮಾಡಿದೆ. ಇದು ಇರುವುದು ಇಪ್ಪತ್ತು ಮೀಟರಿಗಿಂತ ಕಮ್ಮಿ ಆಳದ ನೀರಿನಲ್ಲಿ, ನದಿಬಾಯಿಗಳ ಹತ್ತಿರ, ಅಂದರೆ ಬಲೆ, ಬೋಟು, ಬಂದರು, ಪ್ರವಾಸಿಗರು ಎಲ್ಲ ತುಂಬಿರುವ ಜಾಗದಲ್ಲೇ. ಇನ್ನು ದಡಕ್ಕೆ ಬೀಳುವ ತಿಮಿಂಗಿಲಗಳು. ಸಿಎಂಎಫ್‌ಆರ್‌ಐನ ಅಧ್ಯಯನದ ಪ್ರಕಾರ ನೈಋತ್ಯ ಕರಾವಳಿಯಲ್ಲಿ ಇಂಥ ಘಟನೆಗಳು 2023ರವರೆಗಿನ ಹತ್ತು ವರ್ಷಗಳಲ್ಲಿ ಏರಿದವು. 2023 ಒಂದರಲ್ಲೇ ಒಂಬತ್ತು, ಹೆಚ್ಚಿನವು ಆಗಸ್ಟ್ ಮತ್ತು ನವೆಂಬರ್ ನಡುವೆ. ಹಡಗಿನವರು ಕಾಣಲಾಗದ ಇದನ್ನು ದಡದಲ್ಲಿರುವವರೇ ಹೇಳಬೇಕು.

ಕ್ರಿಸ್‌ಮಸ್ ರಜೆಗೆ ಎಲೆಕ್ಟ್ರಾನಿಕ್ ಸಿಟಿಯ ಅರ್ಧ ಜನ ಗೋಕರ್ಣ, ಮುರ್ಡೇಶ್ವರ, ಕಾರವಾರದಲ್ಲಿರುತ್ತೀರಿ. ಡಾಲ್ಫಿನ್ ತೋರಿಸುವ ಬೋಟು ಹತ್ತಿದರೆ, ಬೆನ್ನಟ್ಟಬೇಡಿ, ದೂರದಲ್ಲೇ ಎಂಜಿನ್ ನಿಧಾನ ಮಾಡಿ ಎಂದು ಬೋಟಿನವರಿಗೆ ಹೇಳಿ; ದುಡ್ಡು ಕೊಡುವವರು ಹೇಳಿದರೆ ಕೇಳುತ್ತಾರೆ. ದಡದಲ್ಲಿ ಸತ್ತ ತಿಮಿಂಗಿಲವೋ ಡಾಲ್ಫಿನ್ನೋ ಸಿಕ್ಕರೆ ಮುಟ್ಟದೆ, ಪಕ್ಕದಲ್ಲಿ ಚಪ್ಪಲಿಯನ್ನೋ ನೀರಿನ ಬಾಟಲಿಯನ್ನೋ ಅಳತೆಗೆ ಇಟ್ಟು, ತಲೆ, ರೆಕ್ಕೆ, ಬಾಲ ಮೂರನ್ನೂ ಬೇರೆ ಬೇರೆ ಫೋಟೋ ತೆಗೆದು, ಜಾಗ ಮತ್ತು ಹೊತ್ತು ಬರೆದು ಅರಣ್ಯ ಇಲಾಖೆಗೆ ತಿಳಿಸಿ. ಜೀವ ಇದ್ದರೆ ಮೈ ಒದ್ದೆಯಾಗಿಡಿ, ಜನರನ್ನು ದೂರ ನಿಲ್ಲಿಸಿ. ತಲೆಯ ಮೇಲಿನ ತೂತಿಗೆ ಮಾತ್ರ ಒಂದು ಹನಿ ನೀರೂ ಬೀಳಬಾರದು. ಅದು ಉಸಿರಾಡುವುದು ಅಲ್ಲಿಂದ.